ಯಲ್ಲಾ, ಅಪ್ಪಾ

ಐದೂವರೆಗೆ ಲಿಫ್ಟಿನಿಂದ ಹೊರಬಿದ್ದರೆ
ನನಗಿಂತ ಮೊದಲು ಕನ್ನಡಕ ಬೆವರುತ್ತದೆ.
ಶಾರ್ಜಾದ ಸೆಪ್ಟೆಂಬರು ಹೀಗೇ,
ಯಾರೋ ಈಗಷ್ಟೇ ಅನ್ನ ಬಸಿದು
ಮುಚ್ಚಳ ತೆರೆದಿಟ್ಟು ಹೋದ ಹಾಗೆ.
ಬಲಗೈಯಲ್ಲಿ ನೀರಿನ ಬಾಟಲಿ, ಎಡಗೈಯಲ್ಲಿ ಮೇದಿನಿ.
ಐದು ವರ್ಷ ಎರಡು ತಿಂಗಳು,
ಬೂಟಿನ ಹಿಮ್ಮಡಿಗೆ ಕೆಂಪು ದೀಪ.
ಶಿವಲೀಲಾಗೆ ಆಸ್ಪತ್ರೆಯಲ್ಲಿ ಮುಂಜಾನೆ ಪಾಳಿ,
ಮಗುವನ್ನು ಮಲಗಿಸಿಟ್ಟು ಬರುವ ಹಾಗಿಲ್ಲ.

ಡಾಕ್ಟರು ರಿಪೋರ್ಟಿನ ಮೇಲೆ ಗೆರೆ ಎಳೆದಿದ್ದರು:
ಏಳು ಪಾಯಿಂಟ್ ಒಂಬತ್ತು.
ದಿನಾ ಅರ್ಧ ಗಂಟೆ ಓಡಬೇಕಂತೆ.
ನಮ್ಮ ನರಗುಂದದಲ್ಲಿ ಓಡುತ್ತಿದ್ದವರು ಮೂರೇ ಜನ:
ಬಸ್ಸು ತಪ್ಪಿದವ, ಎಮ್ಮೆ ತಪ್ಪಿಸಿಕೊಂಡವ,
ಮತ್ತೆ ಹೊಟ್ಟೆ ಕೆಟ್ಟವ.
ಸುಮ್ಮಸುಮ್ಮನೆ ಓಡಿದರೆ
ಕಟ್ಟೆಯ ಮೇಲಿದ್ದವರೆಲ್ಲ ಎದ್ದು ನಿಂತು
'ಏನಾತೋ, ಯಾರಿಗೇನಾತೋ' ಅಂತಿದ್ದರು.
ಇಲ್ಲಿ ಯಾರೂ ಕೇಳುವುದಿಲ್ಲ.
ಕೊಳದ ಸುತ್ತ ಕೆಂಪು ರಬ್ಬರಿನ ಹಾದಿ,
ಅದರ ಮೇಲೆ ಎಲ್ಲ ದೇಶದವರೂ
ಎಲ್ಲಿಗೂ ಹೋಗದೆ ಓಡುತ್ತಾರೆ.

ಆಫೀಸಿನಲ್ಲಿ ನಾನು ವೈ.ಬಿ.
ಬಂದ ಹೊಸತರಲ್ಲಿ ಒಮ್ಮೆ ಪೂರ್ತಿ ಹೆಸರು ಹೇಳಿದ್ದೆ.
ಜೋರ್ಡಾನಿನ ಮ್ಯಾನೇಜರು ಕುರ್ಚಿ ತಿರುಗಿಸಿ ನಕ್ಕ:
'ಯಲ್ಲಾ? ಎಲ್ಲಿಗೆ ಹೊರಟೆ?'
ಅವನ ಮಾತಿನಲ್ಲಿ ಅದು 'ನಡಿ, ಬೇಗ'.
ಅಜ್ಜಿ ಗುಡ್ಡ ಹತ್ತಿ, ಬೇಡಿಕೊಂಡು ತಂದ ಹೆಸರು
ಆವತ್ತಿನಿಂದ ಪಾಸ್‌ಪೋರ್ಟಿನೊಳಗೆ
ಮೊಣಕಾಲು ಮಡಚಿ ಕೂತಿದೆ.

ಮೇದಿನಿಗೆ ನೇರ ಗೆರೆ ಗೊತ್ತಿಲ್ಲ.
ಹತ್ತು ಹೆಜ್ಜೆ ಬಾಣ, ಹನ್ನೊಂದಕ್ಕೆ ಬೆಕ್ಕು.
ಬೆಕ್ಕಿನ ಹಿಂದೆ ಪೊದೆ, ಪೊದೆಯಿಂದ
ಮೊಫಿಜ್ ಭಾಯಿ ಹಿಡಿದ ಪೈಪಿನ ನೀರಿನಡಿ ನುಗ್ಗಿ,
ಚರಂಡಿಯ ಕಬ್ಬಿಣದ ಮುಚ್ಚಳದ ಮೇಲೆ
ಡಣ್ ಡಣ್ ಎರಡು ಸಲ ಕುಣಿದು,
ಒದ್ದೆ ಬೂಟಿನಲ್ಲಿ ವಾಪಸು.
ನನ್ನ ಕೈಗಡಿಯಾರ ಪ್ರತಿ ಸಲ ನಡುಗಿ ಹೇಳುತ್ತದೆ:
ಓಟ ನಿಂತಿದೆ. ಓಟ ನಿಂತಿದೆ.
ಎಲ್ಲಿ ನಿಂತೈತೋ ತಮ್ಮಾ, ಕಣ್ಣಿದ್ದರೆ ನೋಡು.

ಆರು ದಾಟುತ್ತಲೇ ಟವರುಗಳ ಸಂದಿಯಿಂದ
ಸ್ವಿಚ್ಚು ಹಾಕಿದ ಹಾಗೆ ಸೂರ್ಯ.
ಅವಳ ಕಾನೂನು ಬದಲಾಯಿತು:
ಬಿಸಿಲು ಸಮುದ್ರ, ಖರ್ಜೂರದ ಮರದ ನೆರಳು ದಂಡೆ.
ಸಮುದ್ರದಲ್ಲಿ ನಿಂತವರು ಔಟು.
ಒಂದು ದಂಡೆಯಿಂದ ಇನ್ನೊಂದಕ್ಕೆ
ಅವಳಿಗೆ ಆರು ಜಿಗಿತ,
ನನಗೆ ಮೂರು ಮತ್ತೊಂದು ಮಂಡಿನೋವು.

ನಾಲ್ಕನೆಯ ದಂಡೆಯಲ್ಲಿ ನಾನು
ತೊಡೆಗೆ ಕೈಕೊಟ್ಟು ಬಗ್ಗಿ ನಿಂತೆ.
ಅವಳಾಗಲೇ ಐದನೆಯದರಲ್ಲಿ.
ಶಾಲೆಯ ಬಸ್ಸಿನ ಆಯಾಳಿಂದ ಕಲಿತದ್ದನ್ನು
ಎರಡೂ ಕೈ ಬಾಯಿಗೆ ಹಿಡಿದು ಕೂಗಿದಳು:

ಯಲ್ಲಾ!
              ಅಪ್ಪಾ!

ಬೆಂಚಿನ ಮೇಲೆ ಜಪಮಣಿ ಸರಿಸುತ್ತಿದ್ದ ಮುದುಕ
ನಕ್ಕು, ತನ್ನದೂ ಒಂದಿರಲಿ ಎಂದು ಸೇರಿಸಿದ: ಯಲ್ಲಾ, ಯಲ್ಲಾ.
ನನಗೆ ಮಾತ್ರ,
ಹನ್ನೊಂದು ವರ್ಷದ ಮೇಲೆ
ಯಾರೋ ಹಾಜರಿ ಕೂಗಿದಂತಾಯಿತು,
ನಡುವೆ ಒಂದು ಉಸಿರಿನಷ್ಟು ಜಾಗ ಬಿಟ್ಟು.

'ಬಂದೆ' ಅಂದೆ.
ಅಂದವನು ಅಲ್ಲೇ ಇದ್ದೆ. ಎದೆ ಡವಗುಟ್ಟುತ್ತಿತ್ತು.
ಅವಳೇ ಸಮುದ್ರಕ್ಕಿಳಿದಳು,
ಔಟಾದರೂ ಪರವಾಗಿಲ್ಲವೆಂಬಂತೆ ನಿಧಾನ ನಡೆದು ಬಂದು
ಅವ್ವನ ಹಾಗೆ ಹುಬ್ಬು ಗಂಟಿಕ್ಕಿ
ನನ್ನ ಮಣಿಕಟ್ಟು ಹಿಡಿದಳು, ಗಡಿಯಾರದ ಪಟ್ಟಿಯ ಮೇಲೆಯೇ.
ಅಲ್ಲೆಲ್ಲಿಯ ನಾಡಿ?
ಆದರೂ ಎಣಿಸಿದಳು,
ರಾತ್ರಿ ಚಪಾತಿ ಲಟ್ಟಿಸುತ್ತ ಶಿವಲೀಲಾ ಕಲಿಸಿದ ಲೆಕ್ಕ:
ಇಪ್ಪತ್ತೇಳು, ಇಪ್ಪತ್ತೆಂಟು, ಇಪ್ಪತ್ತೊಂಬತ್ತು,
ಇಪ್ಪತ್ಹತ್ತು,
ಇಪ್ಪತ್ಹನ್ನೊಂದು...

ಕಾಲಡಿಯ ನೆರಳು ಒಂದು ಗೇಣು ಹಿಂದೆ ಸರಿದಿತ್ತು.
ಶಾಲೆಯ ಬಸ್ಸಿಗೆ ಇನ್ನು ಮೂವತ್ತೇ ನಿಮಿಷ.
ತಿದ್ದಲಿಲ್ಲ.
ಎಲ್ಲಿಯವರೆಗೆ ಹೋಗುತ್ತದೋ ಹೋಗಲಿ
ಈ ಇಪ್ಪತ್ತು.