ಎರಡು ನಿಮಿಷ

ಬೈತಕೋಲದ ಐಸ್ ಫ್ಯಾಕ್ಟರಿಯಲ್ಲಿ ಅರ್ಧ ದಿನ ರಜೆ ಕೇಳಿದೆ.
'ಯಾರು ಹೋದರು?' ಅಂದರು ಧಣಿ.
'ಇನ್ನೂ ಇಲ್ಲ' ಅಂದೆ.

ಆಟ ನಾಲ್ಕೂವರೆಗೆ. ಮೂರಕ್ಕೇ ಬಂದು ನಿಂತಿದ್ದೇನೆ
ಗೋಲಿನ ಹಿಂದೆ, ಯಾವತ್ತಿನ ಜಾಗದಲ್ಲಿ,
ಎಡಗಾಲು ಬಲೆಯ ಗೂಟಕ್ಕೆ ತಾಗಿಸಿ.
ಹೀಗೆ ನಿಂತಾಗ ಸೋತದ್ದು ಹನ್ನೊಂದು ಸಲ,
ನಿಲ್ಲದಿದ್ದಾಗ ಹನ್ನೆರಡು.
ಲೆಕ್ಕ ನನ್ನ ಕಡೆಗಿದೆ.

ಲಂಗರ್ ಸ್ಪೋರ್ಟ್ಸ್ ಕ್ಲಬ್ ಅಂತ ಹೆಸರಿಟ್ಟವರನ್ನು ಹಿಡಿದು ಕೇಳಬೇಕು,
ತಳಕ್ಕೆ ಹೋಗುವುದೇ ಅದರ ಕೆಲಸ ಅಲ್ಲವೇನ್ರೋ ಅಂತ.
ಇವತ್ತು ಸಮ ಆದರೆ ಸಾಕು.
ನದಿಯಾಚೆ ಮಾಜಾಳಿಯಲ್ಲಿ
ಚೆಂಡಿಯಾದವರು ಗೆಲ್ಲದಿದ್ದರೆ ಸಾಕು.
ಈ ಎರಡು ಸಾಕುಗಳ ನಡುವೆ
ಈಗಷ್ಟೇ ಸುರಿದ ಬಂಗಡೆ ಬುಟ್ಟಿಯ ಹಾಗೆ
ಹೊಟ್ಟೆ ಮಿಡುಕುತ್ತಿದೆ.

ಎರಡನೇ ಡಿವಿಜನ್ ಅಂದರೆ ಗೊತ್ತಲ್ಲ:
ಬೆಳಿಗ್ಗೆ ಏಳಕ್ಕೆ ಆಟ, ಗೆರೆಗೆ ಸುಣ್ಣವಿಲ್ಲ,
ರೆಫ್ರಿಗೆ ಚಹಾ ಇಲ್ಲ,
ಬಲೆ ಇರಬೇಕಾದಲ್ಲಿ ಬರೀ ಗಾಳಿ,
ಗೋಲಾಯಿತೋ ಇಲ್ಲವೋ ಅಂತ ಮಧ್ಯಾಹ್ನದವರೆಗೆ ಜಗಳ.

ಶೆವಂತಿಬಾಯಿ ಮೀನು ಮಾರಿ ಮುಗಿಸಿ
ಬುಟ್ಟಿ ಬೋರಲು ಹಾಕಿ ಕೂತಿದ್ದಾಳೆ.
'ಮಾರ್ ರೇ ಬಸ್ತ್ಯಾಂವ, ಮಾರ್!'
ಚೆಂಡು ಇನ್ನೂ ನಡುಗೆರೆಯಲ್ಲಿದೆ, ಆಟ ಶುರುವಾಗಿಲ್ಲ.
ಹಳಿಯಾಳದ ಬಸ್ಸಿಳಿದು ನೇರ ಬಂದ ಬಸ್ತ್ಯಾಂವ ಸಿದ್ದಿ
ಒಂದು ಬೂಟಿಗೆ ದಾರ, ಇನ್ನೊಂದಕ್ಕೆ ಬಲೆಯ ನೈಲಾನ್.

ಐಸಿನವನಿಗೆ ಗೊತ್ತು, ಕರಗುವುದು ಅಂಚಿನಿಂದ.
ಇಪ್ಪತ್ತಮೂರನೇ ನಿಮಿಷಕ್ಕೆ ನಮ್ಮ ಎಡ ಅಂಚು,
ಅಂದರೆ ಉಲ್ಲಾಸ ಗಿರಪ, ಕರಗಿದ.
ಸೊನ್ನೆ–ಒಂದು.
ಶೆವಂತಿಬಾಯಿ ರೆಫ್ರಿಯ ತಾಯಿಗೆ ಅಂದದ್ದನ್ನು
ನಾನಿಲ್ಲಿ ಬರೆಯಲಾರೆ. ಅವಳು ಅವನ ಚಿಕ್ಕಮ್ಮ.

ಆಮೇಲೆ ಚೆಂಡು ರಸ್ತೆ ದಾಟಿ, ಗಾಳಿಮರ ದಾಟಿ,
ಇಳಿತದ ನೀರಿಗೆ ಬಿತ್ತು.
ಇನ್ನೊಂದು ಚೆಂಡಿಗೆ ಗಾಳಿಯಿಲ್ಲ.
ಇಪ್ಪತ್ತೆರಡು ಜನ ಸೊಂಟಕ್ಕೆ ಕೈಯಿಟ್ಟು
ಸಮುದ್ರದ ಕಡೆ ನೋಡುತ್ತ ನಿಂತರು,
ಯಾರೋ ಬರುತ್ತೇನೆಂದು ಹೇಳಿ ಹೋದ ಹಾಗೆ.

ವಿರಾಮದ ನಂತರ ಇನಾಸ್ ನನ್ನ ಗೋಲಿಗೆ ಬಂದ.
ಎರಡು ರಾತ್ರಿ ಟ್ರಾಲರಿನಲ್ಲಿದ್ದವನು,
ಕಣ್ಣಲ್ಲಿ ಉಪ್ಪು, ಗ್ಲೌಸಿನಲ್ಲಿ ಡೀಸೆಲ್ ವಾಸನೆ.
ಅಲ್ಲಿ ದೂರದ ತುದಿಯಲ್ಲಿ ಏನೋ ಗುಂಪಾಯಿತು.
ಕಂಡದ್ದು ಧೂಳು, ಧೂಳಿನ ಮೇಲೆ ಬಸ್ತ್ಯಾಂವನ ತಲೆ.
ಬುಟ್ಟಿಯೊಂದು ಗಾಳಿಗೆ ಹಾರಿದ್ದು ಕಂಡ ಮೇಲೇ
ಗೋಲು ಅಂತ ತಿಳಿದದ್ದು ನನಗೆ.

ಅಲ್ಲಿಂದಾಚೆ ಆಟ ನೋಡಿದೆ ಅನ್ನಲಾರೆ.
ಇನಾಸನ ಹಿಮ್ಮಡಿ ನೋಡಿದೆ.
'ಎಷ್ಟು ಉಳಿದಿದೆ?' ಅಂದ, ತಿರುಗದೆ.
ನನ್ನ ಬಳಿ ಗಡಿಯಾರವಿಲ್ಲ. 'ಎರಡು ನಿಮಿಷ' ಅಂದೆ.
ಹಾರಿ ಒಂದನ್ನು ಗುದ್ದಿದ, ಒಂದು ಕಂಬಕ್ಕೆ ಬಡಿಯಿತು,
ಕಂಬದ ನಡುಕ ನನ್ನ ಎಡಗಾಲಿಗೆ ಬಂತು.
'ಎಷ್ಟು?'
'ಎರಡು.'
ಬೈಯಲಿಲ್ಲ. ಪುಣ್ಯಾತ್ಮ, ನಂಬಿದ.

ಸೀಟಿ. ಒಂದು–ಒಂದು.
ಯಾರೂ ಕುಣಿಯಲಿಲ್ಲ, ಯಾರೂ ಮನೆಗೆ ಹೋಗಲಿಲ್ಲ.
ಕಾಳಿ ಸೇತುವೆಯ ಮೇಲೆ ಲಾರಿಗಳ ಸಾಲಿನಲ್ಲಿ ಸಿಕ್ಕಿ
ಮಾಜಾಳಿಯ ರೆಫ್ರಿ ತಡವಾಗಿ ಮುಟ್ಟಿದನಂತೆ.
ಅಲ್ಲಿನ್ನೂ ಆಟ ಇದೆ.
ಗೆದ್ದವರಲ್ಲದ ನಾವು, ಸೋತವರಲ್ಲದ ಅವರು,
ಎಲ್ಲರೂ ಒಂದು ಫೋನಿನ ಸುತ್ತ.
ಅತ್ತ ಶಬ್ಬೀರ ಏನೂ ಹೇಳುತ್ತಿಲ್ಲ,
ಫೋನನ್ನು ಸುಮ್ಮನೆ ಮೈದಾನದ ಕಡೆ ಹಿಡಿದಿದ್ದಾನೆ.

ಒಮ್ಮೆಲೇ ಕೂಗು.
ಯಾರದು?
ಅಷ್ಟು ಸಣ್ಣ ಡಬ್ಬಿಯೊಳಗೆ
ಗೋಲಾದ ಕೂಗೂ ಗೋಲು ತಪ್ಪಿದ ಕೂಗೂ
ಒಂದೇ ಗಂಟಲಿನದು.

ತಿರುಗಿ ನೋಡಿದರೆ ಇನಾಸ್ ಅಲ್ಲೇ ಇದ್ದಾನೆ, ಗೋಲಿನಲ್ಲಿ,
ಗ್ಲೌಸ್ ಬಿಚ್ಚಿಲ್ಲ, ಮೊಣಕಾಲು ತುಸು ಮಡಚಿದೆ,
ನದಿಯಾಚೆಯಿಂದ ಚೆಂಡು ಬಂದೀತು ಎಂಬಂತೆ.
'ಎಷ್ಟು?' ಅಂದ.

ಎರಡು ನಿಮಿಷ, ಅಂದೆ.