ಮುಟ್ಟುವ ಪಾಠ

ಹಾಜರಿ ಪುಸ್ತಕದಲ್ಲಿ ನಾನು ಹದಿನಾಲ್ಕನೆಯವಳು,
ಜವರಮ್ಮ ಕೆ. ಎಂ.
ವಯಸ್ಸಿನಲ್ಲಿ ಮೊದಲನೆಯವಳು.
ಮೊದಲ ದಿನ ನನ್ನನ್ನು ಕಂಡು
ಹುಡುಗಿಯರೆಲ್ಲ ಎದ್ದು ನಿಂತಿದ್ದರು,
ಮೇಡಂ ಬಂದರೆಂದು.

ಎಂಟು ವರ್ಷ ಕುಶಾಲನಗರದ ಕ್ಯೂರಿಂಗಿನಲ್ಲಿ
ಕಾಫಿ ಕಾಳು ಆರಿಸಿದೆ.
ಕಪ್ಪು ಕಾಳು, ಹುಳ ತಿಂದದ್ದು, ಒಡಕು, ಕಲ್ಲು.
ಕರೆಂಟು ಹೋದರೂ ಕೈ ನಿಲ್ಲುತ್ತಿರಲಿಲ್ಲ,
ಯಾವುದು ಟೊಳ್ಳೆಂದು ಬೆರಳಿಗೆ ಗೊತ್ತಿತ್ತು.
ಆ ವಿದ್ಯೆಗೆ ಸರ್ಟಿಫಿಕೇಟು ಇರಲಿಲ್ಲ,
ಮೂಟೆಗೆ ಇಷ್ಟೆಂದು ರೇಟು ಇತ್ತು.
ಆಮೇಲೆ ಒಂದು ಯಂತ್ರ ಬಂತು.
ಬಣ್ಣ ನೋಡಿ, ಉಫ್ ಎಂದು ಗಾಳಿ ಊದಿ,
ಕೆಟ್ಟದ್ದನ್ನು ಆಚೆ ಹಾರಿಸುತ್ತಿತ್ತು.
ನಾವು ಹನ್ನೊಂದು ಜನವೂ ಹಾರಿದೆವು.

ಈಗ ಬೆಳಗಿನ ಆರೂ ಮುಕ್ಕಾಲರ ಬಸ್ಸು.
ಸುಂಟಿಕೊಪ್ಪ ದಾಟುವವರೆಗೆ ಮೊಣಕೈ,
ಬೋಯಿಕೇರಿಯ ತಿರುವಿನಲ್ಲಿ ಭುಜ,
ಮಂಜಿನೊಳಗಿಂದ ಮಡಿಕೇರಿ ಇಣುಕುವಷ್ಟರಲ್ಲಿ
ಬೆನ್ನುಮೂಳೆಯ ಮಣಿಗಳನ್ನು ಎಣಿಸಿ ಮುಗಿಸಿರುತ್ತೇನೆ.
ನನ್ನ ತುಟಿ ಅಲ್ಲಾಡುವುದನ್ನು ಕಂಡ
ಪಕ್ಕದ ಸೀಟಿನ ಅಜ್ಜಿ ಒಂದು ದಿನ ಕೇಳಿದರು:
ಯಾವ ದೇವರ ಸ್ತೋತ್ರ ತಾಯಿ ಅದು?

ಕಾಲೇಜಿನ ಅಸ್ಥಿಪಂಜರಕ್ಕೆ ಎಡಮಂಡಿಯ ಚಿಪ್ಪಿಲ್ಲ,
ಹಿಂದಿನ ಬ್ಯಾಚಿನವರು ಕಳೆದರಂತೆ.
ಬೋಜಮ್ಮ ಮೇಡಂ ಅಲ್ಲಿ
ಮುಲಾಮು ಡಬ್ಬಿಯ ಮುಚ್ಚಳ ಅಂಟಿಸಿದ್ದಾರೆ.
ಅದನ್ನೇ ಮುಟ್ಟಿ ನಾವು ಗಂಭೀರವಾಗಿ
ಚಿಪ್ಪು ಎನ್ನುತ್ತೇವೆ.

ಕಣ್ಣು ಮುಚ್ಚಿ. ಒತ್ತಬೇಡಿ. ಬೆರಳಲ್ಲಿ ಕೇಳಿಸಿಕೊಳ್ಳಿ.
ಹುಡುಗಿಯರು ತಡಕಾಡುತ್ತಾರೆ,
ಕಚಗುಳಿಯೆಂದು ಕಿಸಕ್ಕನೆ ನಗುತ್ತಾರೆ.
ನನ್ನ ಬೆರಳು ಫಸೀಲಾಳ ತೋಳಿನ ಮೇಲೆ
ಮೊರದ ಮೇಲೆ ಹೋದ ಹಾಗೆ ಹೋಗಿ
ನಿಂತಿತು,
ಅಲ್ಲೇ, ಆ ಹುರಿಯ ಮೇಲೆ.
ಎಲ್ಲಿ ಕಲಿತೆ, ಅಂದರು ಮೇಡಂ.
ನಾನು ಹೇಳಲಿಲ್ಲ.
ಹೇಳಬಹುದಿತ್ತು.

ಹೆಸರು ಬರೆಯುವಾಗ ಸೋಲುತ್ತೇನೆ.
ಗ್ಯಾಸ್ಟ್ರೋಕ್ನೀಮಿಯಸ್:
ಮೂರು ಸಲ ಬರೆದರೆ ಮೂರು ಸ್ಪೆಲಿಂಗು.
ನಮ್ಮ ಬಾಯಲ್ಲಿ ಅದು ಮೀನಖಂಡ.
ಚರ್ಮದಡಿ ಕೈಯಿಟ್ಟರೆ ಸರಕ್ಕನೆ ತಿರುಗುತ್ತದೆ,
ಹಾರಂಗಿಯ ನೀರಲ್ಲಿ ತಿರುಗಿದಂತೆ.
ಉತ್ತರ ಪತ್ರಿಕೆಯಲ್ಲಿ ಮೀನಿಗೆ ಅಂಕವಿಲ್ಲ.

ವಾರ್ಡಿನಲ್ಲಿ ಮುತ್ತ.
ಸಿಲ್ವರ್ ಮರಕ್ಕೆ ಆನಿಸಿದ ಏಣಿಯಿಂದ
ಮೆಣಸಿನ ಚೀಲದ ಸಮೇತ ಬಿದ್ದವನು.
ತೊಡೆಯೊಳಗೆ ಸಲಾಕೆ, ಮಂಡಿ ಎಪ್ಪತ್ತು ಡಿಗ್ರಿಗೆ
ಹಠ ಹಿಡಿದ ಕತ್ತೆಯಂತೆ ನಿಂತಿದೆ.
ನಾನು ಅಳತೆಪಟ್ಟಿಯಿಟ್ಟು ಓದಿದೆ, ಬರೆದುಕೊಂಡೆ.
ಅವನು ಕೇಳಿದ:
ಎಷ್ಟಾದರೆ ಏಣಿ ಹತ್ತಬಹುದಕ್ಕ?
ಪುಸ್ತಕದಲ್ಲಿ ಕುರ್ಚಿಗೆ ಲೆಕ್ಕವಿದೆ, ಮೆಟ್ಟಿಲಿಗಿದೆ.
ಗೆಣ್ಣಿಗೆ ಗೆಣ್ಣು ಹೆಬ್ಬೆರಳೂರಿ ಹತ್ತುವ
ಒಂಟಿ ಬಿದಿರಿಗೆ ಇಲ್ಲ.

ಅವನನ್ನು ನಿಲ್ಲಿಸಿದೆವು,
ಎರಡು ಕಂಬಿಗಳ ನಡುವೆ, ಸೊಂಟಕ್ಕೆ ಬೆಲ್ಟು ಕಟ್ಟಿ.
ಬೆಲ್ಟಿನ ಹಿಡಿ ನನ್ನ ಕೈಯಲ್ಲಿ.
ಒಂದು ಹೆಜ್ಜೆ. ಎರಡು.
ಮೂರರಲ್ಲಿ ಮಂಡಿ ನಡುಗಿತು
ನಾನು ಎತ್ತಲು ಬಾಗಿದೆ

ಜವರಮ್ಮ, ಎತ್ತಬೇಡ.

ಕೋರ್ಸಿನ ಹೆಸರೇ ಸಹಾಯಕಿ.
ಪಾಠ ನೋಡಿದರೆ ಇದು:
ಒಂದು ಗೇಣು ದೂರದಲ್ಲಿ ಇರಬೇಕು,
ಬಿದ್ದರೆ ಹಿಡಿಯಬೇಕು,
ಬೀಳುವೆನೋ ಎಂದು ಅವನು ಯೋಚಿಸುತ್ತಿರುವಾಗ
ಸುಮ್ಮನಿರಬೇಕು.
ನಿಂತರೆ ಕೂಲಿ ಕಡಿತವಾಗುತ್ತಿದ್ದ ಕೈಗೆ
ಸುಮ್ಮನಿರು ಎಂದರೆ ಹೇಗೆ?
ಉಸಿರು ಬಿಗಿಹಿಡಿದೆ. ಅವನೂ.
ಆ ನಡುಕದೊಳಗೆ ಎಲ್ಲೋ
ತೊಡೆಯ ಸ್ನಾಯು ಹಗ್ಗದಂತೆ ಬಿಗಿದು
ಅವನನ್ನು ಅವನೇ ಮೇಲೆತ್ತಿತು.

ನಾಲ್ಕು.

ಕುರ್ಚಿಯಲ್ಲಿ ಕೂತು ಬೆವರು ಒರೆಸಿಕೊಂಡು ಹೇಳಿದ:
ನಾಳೆಯೂ ನೀನೇ ಬಾ.
ಆ ಸಣ್ಣ ಹುಡುಗಿ ಬೇಡ, ಅದು ಹೆದರುತ್ತದೆ.

ನಾನೂ ಹೆದರಿದ್ದೆ.
ಅಂಗೈಯಲ್ಲಿ ಬೆಲ್ಟಿನ ಗೆರೆ
ಸಂಜೆಯ ಬಸ್ಸು ಸುಂಟಿಕೊಪ್ಪ ದಾಟಿದರೂ
ಕೆಂಪಗೇ ಇತ್ತು.