ಮೂಗ ಟಿವಿ

ಬೆಳಿಗ್ಗೆ ಆರಕ್ಕೇ ಫೋನು: "ಕೊಟ್ರೇಶಣ್ಣ,
ಟಿವಿ ಮೂಗಾಗೇತಿ, ಒಂದೀಟು ಬಂದು ನೋಡು."
ಆಜಾದ್ ನಗರದಾಚೆ ಮಂಡಕ್ಕಿ ಭಟ್ಟಿ,
ಗೋಡೆಗಳೂ ಕೆಮ್ಮುವ ಓಣಿ.
ಚೀಲದಲ್ಲಿ ಕಾವಿನ ಕಡ್ಡಿ, ಎರಡು ಹಳೇ ಸ್ಪೀಕರು.
ಹಿಂದಿನ ಮುಚ್ಚಳ ಬಿಚ್ಚಬೇಕು ಅನ್ನುವಾಗ
ಖಾಜಾಬಿ ಕೈ ಅಡ್ಡ ಹಿಡಿದಳು:
"ತಡಿಯಪ್ಪ, ಈ ಸೀನೊಂದು ಮುಗೀಲಿ."

ಪರದೆಯಲ್ಲಿ ಮಳೆ.
ಯಾವ ಸಿನಿಮಾನೋ, ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಳೇ ಹುಡುಗಿ,
ಸೆರಗು ಹಿಂಡುತ್ತ.
ಇತ್ತ ಬಾಣಲೆಯ ಕೆಂಡದಂಥ ಮರಳಿಗೆ
ಚಮನ್‌ಸಾಬ ಅರ್ಧ ಸೇರು ಅಕ್ಕಿ ಸುರಿದ.
ಚಟಪಟ ಚಟಪಟ ಚಟ
ಆ ಊರಿನ ಮಳೆಗೆ ನಮ್ಮೂರಿನ ಸದ್ದು.
ಒಂದು ಹನಿಯೂ ತಪ್ಪಲಿಲ್ಲ.

ತಪ್ಪಿರಲೇಬೇಕು.
ಇಪ್ಪತ್ತು ವರ್ಷದ ಕಸುಬು ನನ್ನದು,
ತುಟಿಗೂ ದನಿಗೂ ನಡುವೆ ಕೂದಲೆಳೆ ಬಿರುಕಿದ್ದರೂ
ಹಲ್ಲಿಗೆ ಕಲ್ಲು ಸಿಕ್ಕಂತಾಗುತ್ತದೆ.
ಆವತ್ತು ಮಾತ್ರ
ಕಣ್ಣು ಕಿವಿಯಿಂದ ಲಂಚ ತಿಂದು ಕೂತಿತ್ತು.

ಖಳ ಕೈಯೆತ್ತಿ ಒಬ್ಬನ ಕೆನ್ನೆಗೆ ಬಾರಿಸಿದ,
ಸರಿಯಾಗಿ ಅದೇ ಗಳಿಗೆಗೆ
ಹೊರಗೆ ಲಾರಿಯಿಂದ ಭತ್ತದ ಚೀಲ: ದಡ್!
ಭಟ್ಟಿಗೆ ಭಟ್ಟಿಯೇ ನಕ್ಕಿತು.
ಆಮೇಲೆ ಸದ್ದಿಲ್ಲದೆ ಬಿದ್ದ ಏಳೆಂಟು ಏಟುಗಳನ್ನು
ಯಾರೂ ಎಣಿಸಲಿಲ್ಲ. ನಾನೂ.

ದನಿ ಚೂರು ತಡವಾದರೆ ನಡೆಯುತ್ತದೆ ನೋಡಿ.
ಗುಡುಗು ಎಂದೂ ಮಿಂಚಿನ ಹಿಂದೆಯೇ ಬಂದದ್ದು,
ಬಾತಿ ಕೆರೆಯಾಚೆ ಒಗೆಯುವವಳ ಕೈ
ಮತ್ತೆ ಮೇಲೆದ್ದ ಮೇಲೇ
ಬಟ್ಟೆ ಬಡಿದದ್ದು ಈಚೆಗೆ ಕೇಳುವುದು.
ಹುಟ್ಟಿದಾಗಿನಿಂದ ಮನ್ನಿಸಿ ಮನ್ನಿಸಿ ಅಭ್ಯಾಸ.
ಬಾಯಿ ತೆರೆಯುವ ಮೊದಲೇ ಬರುವ ಮಾತಿಗೆ ಮಾತ್ರ
ನಾವು ಬೆಚ್ಚುತ್ತೇವೆ,
ಅದು ಮನುಷ್ಯರದ್ದಲ್ಲ ಅನ್ನಿಸುತ್ತದೆ.

ಸ್ಪೀಕರು ಹಾಕಿದೆ. ಟಿವಿಗೆ ಬಾಯಿ ಬಂತು.
ಸಂಜೆಯ ಮರುಪ್ರಸಾರಕ್ಕೆ ಅದೇ ಬಸ್‌ಸ್ಟ್ಯಾಂಡು, ಅದೇ ಮಳೆ,
ಈಗ ಅದರದೇ ಸ್ವಂತ ಸದ್ದು,
ತಗಡಿನ ಮೇಲೆ ಮರಳು ಎರಚಿದ ಹಾಗೆ.
ಖಾಜಾಬಿ ಮುಖ ಸಿಂಡರಿಸಿದಳಂತೆ:
"ಥೂ, ಇದ್ಯಾವ ಸುಳ್ಳು ಮಳೆ"
ದನಿ ಸೊನ್ನೆಗಿಳಿಸಿ ಜರಡಿ ಹಿಡಿದಳಂತೆ.
ಮರುದಿನ ಚಮನ್‌ಸಾಬ ಹೇಳಿದ,
ಕೂಲಿ ನೂರು, ಮೇಲೊಂದು ಚೀಲ ಮಂಡಕ್ಕಿ ಕೊಡುತ್ತ.

ರಾತ್ರಿ ಕರೆಂಟಿಲ್ಲ. ಮೆಟ್ಟಿಲ ಮೇಲೆ ಕೂತು
ಹಸಿ ಮೆಣಸಿನಕಾಯಿ ಕಚ್ಚುತ್ತ ಮಂಡಕ್ಕಿ ತಿನ್ನುತ್ತಿದ್ದೆ.
ಎದುರು ಮನೆ ಕಿಟಕಿ, ಒಳಗೆ ಮೇಣದಬತ್ತಿ,
ಗಾಜಿನಾಚೆ ಯಾರೋ ಯಾರಿಗೋ ಬೈಯುತ್ತಿದ್ದಾರೆ.
ಒಂದಕ್ಷರವೂ ಕೇಳದು.
ಅವನ ದವಡೆ ಆಡಿದಂತೆಲ್ಲ
ಕರುಂ ಕುರುಂ ಕರುಂ.
ಎಷ್ಟು ಹೊತ್ತು ಹೀಗೆ ಅವನಿಗೆ ದನಿ ಕೊಟ್ಟೆನೋ.

ಅವನು ಬಾಯಿ ಮುಚ್ಚಿದ.
ನಾನೂ ಅಗಿಯುವುದು ನಿಲ್ಲಿಸಿದ್ದೆ.
ಯಾರು ಮೊದಲು, ಆಣೆ ಮಾಡಿ ಹೇಳಲಾರೆ.